ಎಲೆಮರೆಯ ಹಿರಿಯಣ್ಣ
ಪಿಟೀಲು ಮನೆತನದ ಎಲ್. ವೈದ್ಯನಾಥನ್

ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆ ಎಲ್ಲರೂ ಬಲ್ಲದ್ದೇ. ಒಂದೇ ಮನೆಯಲ್ಲಿ ಎರಡು ಮೂರು ದೀಪಗಳು ಒಟ್ಟಿಗೆ ಉರಿಯುತ್ತಿದ್ದರೆ, ಅವುಗಳಲ್ಲಿ ಯಾವುದೋ ಒಂದರ ಬೆಳಕು ಉಳಿದವುಗಳ ಪ್ರಭೆಯಲ್ಲಿ ಬೆರೆತುಹೋಗಿ, ಅದು ಬೇರೆಯಾಗಿ ಉರಿಯುತ್ತಿದ್ದಿತೆಂಬುದೇ ಜನರ ಗಮನಕ್ಕೆ ಬಾರದೆ ಹೋಗುವುದುಂಟು. ಸಂಗೀತಗಾರರ ಮನೆತನಗಳಲ್ಲಿ ಇಂಥ ಪ್ರಸಂಗಗಳು ಹೆಚ್ಚು. ತಮ್ಮನ ಹೆಸರು ದೇಶದೇಶಗಳಲ್ಲಿ ಮೊಳಗುವಾಗ ಅಣ್ಣನ ಹೆಸರು ಊರಲ್ಲಿಯೂ ಕೇಳಿಬರುವುದಿಲ್ಲ. ಆದರೆ ಆ ಅಣ್ಣನ ಸಂಗೀತ ಮಾತ್ರ ಲಕ್ಷಾಂತರ ಮನೆಗಳಲ್ಲಿ ಮನೆಮಾತಾಗಿರುತ್ತದೆ!

ಇದು ಹೇಗೆ ಸಾಧ್ಯವೆಂದು ಕೇಳುವಿರಾ? ನಮ್ಮ ಸನತ್‌ನಗರದ ಯಾವ ಕನ್ನಡಿಗರ ಮನೆಗಾದರೂ ಹೋಗಿ, ನಲವತ್ತು ದಾಟಿದ ಯಾರನ್ನಾದರೂ ವಿಚಾರಿಸಿ ನೋಡಿ. ದೂರದರ್ಶನದಲ್ಲಿ ಬರುತ್ತಿದ್ದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಆರಂಭದ ಆ ಗುನುಗನ್ನು ಅವರು ತಡವರಿಸದೆ ಹಾಡಿ ತೋರಿಸುತ್ತಾರೆ. 'ಸವಿ ನೆನಪುಗಳು ಬೇಕು' ಹಾಡನ್ನು ಕೇಳಿ ಬಲ್ಲಿರಾ ಎಂದರೆ ಕಣ್ಣರಳಿಸುತ್ತಾರೆ. 'ನಮ್ಮೂರ ಮಂದಾರ ಹೂವೆ' ಎಂದರೆ ಮುಂದಿನದನ್ನು ತಾವೇ ಹಾಡತೊಡಗುತ್ತಾರೆ. ಒಂದು ಮಾತೂ ಇಲ್ಲದ 'ಪುಷ್ಪಕ ವಿಮಾನ' ಚಿತ್ರವನ್ನು ನೆನೆದು ನಗುತ್ತಾರೆ. ಈ ನಾಲ್ಕರ ಸಂಗೀತದ ಹಿಂದೆಯೂ ಇದ್ದ ಒಬ್ಬ ವ್ಯಕ್ತಿ ಯಾರೆಂದು ಕೇಳಿದಾಗ ಮಾತ್ರ ಹೆಚ್ಚಿನವರು ಮೌನ ತಾಳುತ್ತಾರೆ. ಆ ವ್ಯಕ್ತಿಯೇ ಎಲ್. ವೈದ್ಯನಾಥನ್. ವಿಶ್ವವಿಖ್ಯಾತ ಪಿಟೀಲು ವಿದ್ವಾಂಸರಾದ ಡಾ. ಎಲ್. ಸುಬ್ರಹ್ಮಣ್ಯಂ ಮತ್ತು ಎಲ್. ಶಂಕರ್ ಅವರ ಹಿರಿಯಣ್ಣ.

ಯಾಳ್ಪಾಣದ ಮನೆ

ಈ ಮನೆತನದ ಮೂಲಪುರುಷರು ತಂದೆ ವಿ. ಲಕ್ಷ್ಮೀನಾರಾಯಣ ಅವರು. ತಾಯಿ ಸೀತಾಲಕ್ಷ್ಮಿಯವರೂ ಸಂಗೀತ ಬಲ್ಲವರು. ಲಕ್ಷ್ಮೀನಾರಾಯಣ ಅವರು ಸಿಂಹಳದ ಯಾಳ್ಪಾಣದಲ್ಲಿ, ಅಂದರೆ ಜಾಫ್ನಾದಲ್ಲಿ, ಸಂಗೀತ ಕಾಲೇಜಿನ ಅಧ್ಯಾಪಕರಾಗಿದ್ದರು. ಅಂದಿನ ಕಾಲಕ್ಕೆ ಪಿಟೀಲೆಂದರೆ ಹಾಡುಗಾರರ ಪಕ್ಕದಲ್ಲಿ ಕುಳಿತು, ಅವರು ಹಾಡಿದ್ದನ್ನು ಹಿಂಬಾಲಿಸುವ ಪಕ್ಕವಾದ್ಯ. ನಮ್ಮ ಮೈಸೂರು ಚೌಡಯ್ಯನವರಂಥ ಮಹಾನುಭಾವರು ಏಳು ತಂತಿಯ ಪಿಟೀಲನ್ನು ಹಿಡಿದು ಆ ವಾದ್ಯಕ್ಕೆ ಹೊಸ ಗಾಂಭೀರ್ಯವನ್ನು ತಂದುಕೊಟ್ಟಿದ್ದರೂ, ಕಛೇರಿಯ ನಡುಮಧ್ಯದಲ್ಲಿ ಪಿಟೀಲೊಂದೇ ಕುಳಿತು ಆಳಬಹುದೆಂಬ ಮಾತು ಇನ್ನೂ ಸಾಹಸದ ಮಾತೇ ಆಗಿದ್ದಿತು. ಲಕ್ಷ್ಮೀನಾರಾಯಣ ಅವರು ಕಂಡ ಕನಸು ಅದೇ. ಪಿಟೀಲು ಸ್ವತಂತ್ರವಾಗಿ ನಿಲ್ಲಬೇಕು, ಜಗತ್ತಿನ ಯಾವ ವೇದಿಕೆಯ ಮೇಲಾದರೂ ತಲೆಯೆತ್ತಿ ಮಾತನಾಡಬೇಕು. ಈ ಕನಸನ್ನು ಅವರು ತಮ್ಮ ಮಕ್ಕಳ ಬೆರಳುಗಳಿಗೆ ಧಾರೆಯೆರೆದರು.

ವೈದ್ಯನಾಥನ್ ಹುಟ್ಟಿದ್ದು 1942ರಲ್ಲಿ. ಸುಬ್ರಹ್ಮಣ್ಯಂ 1947ರಲ್ಲಿ, ಶಂಕರ್ 1950ರಲ್ಲಿ. ಮನೆಯೇ ಪಾಠಶಾಲೆ, ತಂದೆಯೇ ಗುರು. ಹಿರಿಯ ಮಗನ ಪಾಠವನ್ನು ಕೇಳುತ್ತ ಕೇಳುತ್ತ ಕಿರಿಯರು ಬೆಳೆಯುವುದು ಸಂಗೀತದ ಮನೆಗಳಲ್ಲಿ ಸಹಜವಾದ ಕ್ರಮ.

ಆದರೆ ಯಾಳ್ಪಾಣದ ಆ ಬದುಕು ಬಹುಕಾಲ ನಿಲ್ಲಲಿಲ್ಲ. 1956ರಲ್ಲಿ ಸಿಂಹಳ ಭಾಷೆಯೊಂದನ್ನೇ ರಾಜಭಾಷೆಯನ್ನಾಗಿ ಮಾಡುವ ಕಾನೂನು ಬಂದಿತು. 1958ರಲ್ಲಿ ತಮಿಳರ ವಿರುದ್ಧ ದೊಡ್ಡ ದೊಂಬಿಗಳು ನಡೆದವು. ಆ ಗಲಭೆಯ ನಂತರ ಲಕ್ಷ್ಮೀನಾರಾಯಣ ಅವರ ಸಂಸಾರ ಸಮುದ್ರವನ್ನು ದಾಟಿ ಭಾರತಕ್ಕೆ ಬಂದು ಮದರಾಸಿನಲ್ಲಿ ನೆಲೆಸಿತು. ಆಗ ವೈದ್ಯನಾಥನ್ ಅವರಿಗೆ ಹದಿನಾರು ವರ್ಷ. ಬೇರು ಕಿತ್ತು ಇನ್ನೊಂದೆಡೆ ನೆಟ್ಟ ಸಂಸಾರದಲ್ಲಿ ಹಿರಿಯ ಮಗನಾಗಿರುವುದೆಂದರೇನೆಂದು ಪರಸ್ಥಳಕ್ಕೆ ಬಂದು ಮನೆ ಹೂಡಿದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೂರು ಪಿಟೀಲು, ಮೂರು ದಾರಿ

ಮದರಾಸಿನಲ್ಲಿ ಈ ಮೂವರು ಸೋದರರು ಒಟ್ಟಾಗಿ ಕುಳಿತು ಪಿಟೀಲು ತ್ರಯವಾಗಿ ಕಛೇರಿಗಳನ್ನು ನಡೆಸಿದರು. ಮೂರು ಪಿಟೀಲುಗಳು, ಒಂದೇ ಪಾಠ. ತಂದೆಯ ಕನಸು ಕಣ್ಣೆದುರಿಗೇ ಕೈಗೂಡಿದ್ದಿತು. ಆದರೆ ಒಂದೇ ಕೊಂಬೆಯಲ್ಲಿ ಬೆಳೆದ ಹಕ್ಕಿಗಳು ಒಂದೇ ದಿಕ್ಕಿಗೆ ಹಾರಬೇಕೆಂಬ ನಿಯಮವಿಲ್ಲ.

ಸುಬ್ರಹ್ಮಣ್ಯಂ ಅವರು ಚೆಂಬೈ ವೈದ್ಯನಾಥ ಭಾಗವತರಂಥ ಘಟಾನುಘಟಿಗಳಿಗೆ ಪಕ್ಕವಾದ್ಯ ನುಡಿಸಿದರು. ಮದರಾಸಿನಲ್ಲಿ ವೈದ್ಯಶಾಸ್ತ್ರವನ್ನು ಓದಿ ಪದವಿ ಪಡೆದರು. ಆಮೇಲೆ ಅಮೆರಿಕಕ್ಕೆ ಹೋಗಿ ಪಾಶ್ಚಾತ್ಯ ಸಂಗೀತವನ್ನು ಅಭ್ಯಾಸ ಮಾಡಿದರು. ಯೆಹೂದಿ ಮೆನ್ಯುಹಿನ್, ಸ್ತೆಫಾನ್ ಗ್ರಪೆಲ್ಲಿ ಮೊದಲಾದ ಲೋಕಪ್ರಸಿದ್ಧ ಪಿಟೀಲುಗಾರರ ಜೊತೆಗೆ ನುಡಿಸಿದರು. 'ಸಲಾಂ ಬಾಂಬೆ' (1988) ಚಿತ್ರಕ್ಕೆ ಸಂಗೀತ ಕೊಟ್ಟರು. ಬೆಂಗಳೂರನ್ನು ತಮ್ಮ ನೆಲೆಯಾಗಿ ಮಾಡಿಕೊಂಡು, ತಂದೆಯ ಹೆಸರಿನಲ್ಲಿ 1992ರಿಂದ ಸಂಗೀತೋತ್ಸವವನ್ನು ನಡೆಸಿಕೊಂಡು ಬಂದರು. 2025ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ಘೋಷಿತವಾಯಿತು.

ಕಿರಿಯರಾದ ಶಂಕರ್ ಇನ್ನೂ ಬೇಗನೆ ವಿದೇಶಕ್ಕೆ ತೆರಳಿದರು. ಜಾನ್ ಮೆಕ್‌ಲಾಫ್ಲಿನ್, ಜಾಕಿರ್ ಹುಸೇನ್ ಮತ್ತು ಘಟಂ ವಿನಾಯಕರಾಂ ಅವರ ಜೊತೆಗೂಡಿ 1970ರ ದಶಕದಲ್ಲಿ 'ಶಕ್ತಿ' ಎಂಬ ತಂಡವನ್ನು ಕಟ್ಟಿದರು. ಪೂರ್ವ ಪಶ್ಚಿಮಗಳು ಕೈಹಿಡಿದು ನಡೆದ ಆ ಸಂಗೀತ ಯುವಕರನ್ನು ಹುಚ್ಚೆಬ್ಬಿಸಿತು. ಹತ್ತು ತಂತಿಗಳ ಜೋಡಿ ಪಿಟೀಲೊಂದನ್ನು ರೂಪಿಸಿಕೊಂಡು ಅವರು ಪ್ರಪಂಚವನ್ನೆಲ್ಲ ಸುತ್ತಿದರು.

ಹಿರಿಯಣ್ಣ ವೈದ್ಯನಾಥನ್ ಹೋದದ್ದೆಲ್ಲಿಗೆ? ದೂರವೇನೂ ಹೋಗಲಿಲ್ಲ. ಅದೇ ಮದರಾಸಿನ ಕೋಡಂಬಾಕ್ಕಂ ಕಡೆಗೆ ನಡೆದರು.

ತೆರೆಯ ಹಿಂದಿನ ಕಸುಬು

ಆ ದಿನಗಳಲ್ಲಿ ಕನ್ನಡ ಚಿತ್ರಗಳ ಹಾಡುಗಳು ಬಹುಪಾಲು ಮದರಾಸಿನಲ್ಲಿಯೇ ಮುದ್ರಣವಾಗುತ್ತಿದ್ದುವು. ನಮ್ಮ 'ಸಂಧ್ಯಾರಾಗ', 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ' ಮುಂತಾದ ಚಿತ್ರಗಳ ಹಾಡುಗಳಿಂದ ಮನೆಮಾತಾಗಿದ್ದ ಜಿ.ಕೆ. ವೆಂಕಟೇಶ್ ಅವರ ಬಳಿ ವೈದ್ಯನಾಥನ್ ಸಹಾಯಕರಾಗಿ ಸೇರಿದರು. ಅದೇ ಗರಡಿಯಲ್ಲಿ ಪಳಗಿದ ಇನ್ನೊಬ್ಬ ಸಹಾಯಕರೆಂದರೆ ಇಳಯರಾಜ.

ಚಿತ್ರ ಸಂಗೀತದಲ್ಲಿ ಸಹಾಯಕನ ಕೆಲಸವೇನೆಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳುವುದು ಯುಕ್ತ. ನಿರ್ದೇಶಕರು ಹಾರ್ಮೋನಿಯಂ ಮುಂದೆ ಕುಳಿತು ಮಟ್ಟನ್ನು ಹಾಡಿ ತೋರಿಸುತ್ತಾರೆ. ಅದನ್ನು ಸ್ವರಲಿಪಿಯಲ್ಲಿ ಬರೆದುಕೊಳ್ಳಬೇಕು. ಹಾಡು ನಿಂತ ಕಡೆ ಯಾವ ವಾದ್ಯ ಎತ್ತಿಕೊಳ್ಳಬೇಕು, ಪಿಟೀಲುಗಳ ಸಾಲು ಎಲ್ಲಿ ಏರಬೇಕು, ಕೊಳಲು ಎಲ್ಲಿ ಇಣುಕಬೇಕು, ತಬಲೆ ಎಲ್ಲಿ ಸುಮ್ಮನಿರಬೇಕು ಎಂಬುದನ್ನೆಲ್ಲ ಒಬ್ಬೊಬ್ಬ ವಾದಕನಿಗೂ ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಡಬೇಕು. ಧ್ವನಿಮುದ್ರಣದ ದಿನ ಗಾಯಕರೂ ವಾದ್ಯವೃಂದವೂ ಒಟ್ಟಿಗೆ ನುಡಿಯುವಾಗ ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಆರಂಭಿಸಬೇಕಾದ ಕಾಲ ಅದು. ಇಷ್ಟೆಲ್ಲ ಮಾಡಿದವನ ಹೆಸರು ತೆರೆಯ ಮೇಲೆ ಬಂದರೂ ಸಣ್ಣ ಅಕ್ಷರಗಳಲ್ಲಿ ಬರುತ್ತಿದ್ದಿತು, ನೋಡುವವರು ಆಗಿನ್ನೂ ಆಸನ ಹುಡುಕುತ್ತಿರುತ್ತಿದ್ದರು!

ಈ ಕಸುಬನ್ನು ಕಲಿತವನು ಸಂಗೀತವನ್ನು ಒಳಗಿನಿಂದ ಬಲ್ಲ. ಕಛೇರಿಯ ವಿದ್ವಾಂಸನಿಗೆ ರಾಗವನ್ನು ಒಂದು ಗಂಟೆ ಬೆಳೆಸುವ ಸ್ವಾತಂತ್ರ್ಯವಿದೆ. ಚಿತ್ರದವನಿಗೆ ಸಿಗುವುದು ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ತಾಯಿಯ ದುಃಖವನ್ನೋ ಹುಡುಗನ ತುಂಟತನವನ್ನೋ ಮಳೆಗಾಲದ ಸಂಜೆಯನ್ನೋ ಹೇಳಿ ಮುಗಿಸಬೇಕು. ಕರ್ನಾಟಕ ಸಂಗೀತದ ಬಿಗಿ ಶಿಕ್ಷಣ ಮತ್ತು ವಾದ್ಯವೃಂದದ ಅನುಭವ ಎರಡೂ ಕೂಡಿದಾಗ ವೈದ್ಯನಾಥನ್ ಅವರಲ್ಲಿ ಈ ಮಿತಭಾಷೆ ಸಿದ್ಧಿಸಿತು.

ಕನ್ನಡಕ್ಕೆ ಬಂದ 'ವೈದಿ'

1978ರಲ್ಲಿ ಕಾಶೀನಾಥ್ ಅವರ 'ಅಪರಿಚಿತ' ಚಿತ್ರ ಬಂದಿತು. ಹೊಸ ನಿರ್ದೇಶಕ, ಸಣ್ಣ ಬಂಡವಾಳ, ಕೊಲೆಯ ರಹಸ್ಯದ ಕಥೆ. ಅದಕ್ಕೆ ಸಂಗೀತ ಕೊಟ್ಟವರು ಎಲ್. ವೈದ್ಯನಾಥನ್. ವಾಣಿ ಜಯರಾಂ ಅವರು ಹಾಡಿದ 'ಸವಿ ನೆನಪುಗಳು ಬೇಕು' ಚಿತ್ರವನ್ನು ನೋಡದವರ ಬಾಯಲ್ಲಿಯೂ ನೆಲೆನಿಂತಿತು. ಆ ಹಾಡನ್ನು ಕೇಳಿದವರು ಗಾಯಕಿಯನ್ನು ಕೊಂಡಾಡಿದರು, ಅದು ನ್ಯಾಯವೇ. ಚಿತ್ರ ಕಾಶೀನಾಥರ ಹೆಸರಿನಲ್ಲಿ ಉಳಿಯಿತು, ಅದೂ ನ್ಯಾಯವೇ. ಮಟ್ಟನ್ನು ಹಾಕಿದವರನ್ನು ಮಾತ್ರ ಯಾರೂ ವಿಚಾರಿಸಲಿಲ್ಲ.

ಅದೇ ಕಾಲದಲ್ಲಿ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯ ಉದ್ಯೋಗಿಯಾಗಿದ್ದುಕೊಂಡೇ ಭಾವಗೀತೆಗಳ ಲೋಕವನ್ನು ಬೆಳಗುತ್ತಿದ್ದ ಸಿ. ಅಶ್ವಥ್ ಅವರ ಜೊತೆ ಇವರಿಗೆ ಕೂಟವಾಯಿತು. ಇಬ್ಬರೂ ಸೇರಿ 'ಅಶ್ವಥ್–ವೈದಿ' ಎಂಬ ಜೋಡಿ ಹೆಸರಿನಲ್ಲಿ ಚಿತ್ರಗಳಿಗೆ ಸಂಗೀತ ಕೊಡತೊಡಗಿದರು. 1980ರ 'ನಾರದ ವಿಜಯ', 1981ರ 'ಆಲೆಮನೆ' ಈ ಜೋಡಿಯ ಕೊಡುಗೆಗಳು. 'ನಾರದ ವಿಜಯ'ದಲ್ಲಿ ಯೇಸುದಾಸರ ಕಂಠದಲ್ಲಿ ನಾರದನು ಭೂಲೋಕವನ್ನು ಕಂಡು ಬೆರಗಾಗುವ ಹಾಡಿದೆ. 'ಆಲೆಮನೆ'ಯಲ್ಲಿ ದೊಡ್ಡರಂಗೇಗೌಡರು ಬರೆದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ 'ನಮ್ಮೂರ ಮಂದಾರ ಹೂವೆ' ಇದೆ. ಹಳ್ಳಿಯ ಮಣ್ಣಿನ ವಾಸನೆಯನ್ನು ಬಿಡದೆ, ಪಿಟೀಲು ಕೊಳಲುಗಳ ಹದವಾದ ಅಲಂಕಾರವನ್ನೂ ತೊಟ್ಟ ಹಾಡು ಅದು. ನಮ್ಮ ಊರುಗಳ ಮದುವೆ ಮನೆಗಳಲ್ಲಿ, ಬಸ್ಸುಗಳಲ್ಲಿ, ಆಕಾಶವಾಣಿಯ ಚಿತ್ರಗೀತೆಗಳ ಹೊತ್ತಿನಲ್ಲಿ ಅದನ್ನು ಕೇಳದ ಕನ್ನಡಿಗನುಂಟೆ?

ಅಶ್ವಥ್ ಅವರಿಗೆ ಅಸಾಧಾರಣವಾದ ಕಂಠವಿದ್ದಿತು. ವೇದಿಕೆಯಲ್ಲಿ ನಿಂತು ಸಾವಿರಾರು ಜನರನ್ನು ಒಟ್ಟಿಗೆ ಹಾಡಿಸಬಲ್ಲ ಶಕ್ತಿಯಿದ್ದಿತು. ನಾಡು ಅವರನ್ನು ಮುಖ ಕಂಡು, ದನಿ ಕೇಳಿ ಪ್ರೀತಿಸಿತು. 'ವೈದಿ' ಎಂಬುದು ಅವರ ಹೆಸರಿನ ಹಿಂದೆ ಬಂದ ಎರಡಕ್ಷರವಾಗಿಯೇ ಉಳಿಯಿತು. ಮನೆಯಲ್ಲಿ ತಮ್ಮಂದಿರ ಹೆಸರಿನ ನೆರಳು, ಹೊರಗೆ ಜೋಡಿಯ ಹೆಸರಿನ ನೆರಳು, ಹೀಗೆ ಎರಡೂ ಕಡೆ ನೆರಳಿನಲ್ಲಿಯೇ ನಿಂತು ಕೆಲಸ ಮಾಡಿದ ಕಲಾವಿದ ಇವರು. ತಮಿಳಿನಲ್ಲಿಯೂ ಅಷ್ಟೆ. ಕವಿ ಸುಬ್ರಹ್ಮಣ್ಯ ಭಾರತಿಯವರ ಜನ್ಮಶತಾಬ್ದಿಯ ವರ್ಷವಾದ 1982ರಲ್ಲಿ 'ಏಳಾವದು ಮನಿದನ್' ಎಂಬ ಚಿತ್ರಕ್ಕೆ ಭಾರತಿಯವರ ಗೀತೆಗಳನ್ನೇ ಹಾಡುಗಳಾಗಿ ಅಳವಡಿಸಿ ರಸಿಕರ ಮೆಚ್ಚುಗೆ ಪಡೆದರು. ತಮಿಳುನಾಡು ಸರ್ಕಾರ ಕಲೈಮಾಮಣಿ ಎಂದು ಗೌರವಿಸಿತು.

ಸೋದರರ ಊರು ಮಾಲ್ಗುಡಿ

ಇನ್ನು ಮಾಲ್ಗುಡಿಯ ಮಾತು. 1986ರ ಸುಮಾರಿಗೆ ಶಂಕರ್‌ನಾಗ್ ಅವರು ಆರ್.ಕೆ. ನಾರಾಯಣರ ಕಥೆಗಳನ್ನು ದೂರದರ್ಶನಕ್ಕಾಗಿ ತೆರೆಗೆ ತರಲು ಹೊರಟರು. ಮಲೆನಾಡಿನ ಆಗುಂಬೆ ಮಾಲ್ಗುಡಿಯಾಯಿತು. ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣರು ಚಿತ್ರಗಳನ್ನು ಬರೆದುಕೊಟ್ಟರು. ಶಂಕರ್‌ನಾಗರ ಅಣ್ಣ ಅನಂತನಾಗ್ ಅಭಿನಯಿಸಿದರು. ಸಂಗೀತಕ್ಕೆ ಬಂದವರು ಪಿಟೀಲು ಮನೆತನದ ಹಿರಿಯಣ್ಣ. ಲೆಕ್ಕ ಹಾಕಿ ನೋಡಿದರೆ ಅದು ಅಣ್ಣತಮ್ಮಂದಿರ ಊರೇ ಸರಿ!

ಆ ಧಾರಾವಾಹಿಯ ಆರಂಭದ ಸಂಗೀತದಲ್ಲಿ ಅರ್ಥವಿರುವ ಒಂದು ಶಬ್ದವೂ ಇಲ್ಲ. ಬರಿಯ ಗುನುಗು. ಧಾರಾವಾಹಿ ಹಿಂದಿಯಲ್ಲಿತ್ತು, ಕಥೆಗಳು ಇಂಗ್ಲೀಷಿನವು, ಊರು ಕನ್ನಡದ್ದು, ನೋಡುವವರು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನವರು. ಯಾವ ಭಾಷೆಯಲ್ಲಿ ಹಾಡು ಬರೆಸಿದ್ದರೂ ಯಾರಾದರೊಬ್ಬರಿಗೆ ಅದು ಪರಕೀಯವಾಗುತ್ತಿದ್ದಿತು. ಗುನುಗಿಗೆ ಆ ಬಾಧೆಯಿಲ್ಲ. ಕೆಲಸ ಮಾಡುತ್ತ, ದಾರಿ ನಡೆಯುತ್ತ, ಮಗುವನ್ನು ತೂಗುತ್ತ ಯಾರು ಬೇಕಾದರೂ ಗುನುಗಬಹುದು. ಹೈದರಾಬಾದಿನಲ್ಲಿ ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು, ಕಾರ್ಖಾನೆಯಲ್ಲಿ ಹಿಂದೂಸ್ತಾನಿ ಆಡುತ್ತ ಬೆಳೆದ ನಮ್ಮ ಮಕ್ಕಳಿಗೆ ಆ ಗುನುಗು ನೆರೆಮನೆಯ ಮಕ್ಕಳ ಜೊತೆ ಹಂಚಿಕೊಂಡ ಆಸ್ತಿಯಾಯಿತು. ಇದು ಸಾಮಾನ್ಯ ಸಾಧನೆಯಲ್ಲ.

ಮರುವರ್ಷವೇ, 1987ರಲ್ಲಿ, ಇದಕ್ಕಿಂತಲೂ ಕಠಿಣವಾದ ಪರೀಕ್ಷೆಯೊಂದು ಎದುರಾಯಿತು. ಸಿಂಗೀತಂ ಶ್ರೀನಿವಾಸರಾಯರು ಬೆಂಗಳೂರಿನಲ್ಲಿ ತೆಗೆದ 'ಪುಷ್ಪಕ ವಿಮಾನ'ದಲ್ಲಿ ಸಂಭಾಷಣೆಯೇ ಇಲ್ಲ, ಹಾಡುಗಳೂ ಇಲ್ಲ. ಶೃಂಗಾರ್ ನಾಗರಾಜ್ ನಿರ್ಮಾಪಕರು, ಕಮಲಹಾಸನ್ ಮತ್ತು ಅಮಲ ಪಾತ್ರಧಾರಿಗಳು. ಎರಡು ಗಂಟೆಗಳ ಕಾಲ ಜನರನ್ನು ಹಿಡಿದು ಕೂರಿಸಬೇಕಾದ ಹೊಣೆ ನಟರ ಮುಖಭಾವದ ಮೇಲೂ, ಬೀದಿಯ ಸದ್ದುಗದ್ದಲಗಳ ಮೇಲೂ, ವೈದ್ಯನಾಥನ್ ಅವರ ಹಿನ್ನೆಲೆ ಸಂಗೀತದ ಮೇಲೂ ಬಿದ್ದಿತು. ಸಂಗೀತ ಹೆಚ್ಚಾದರೆ ಮೂಕಚಿತ್ರದ ಅನುಕರಣೆಯಾಗುತ್ತದೆ, ಕಡಿಮೆಯಾದರೆ ಜನ ಬೇಸತ್ತು ಏಳುತ್ತಾರೆ. ಎಲ್ಲಿ ನುಡಿಯಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ವಿವೇಕವೇ ಅಲ್ಲಿ ಮುಖ್ಯವಾಯಿತು. ಚಿತ್ರ ಜನಮನವನ್ನು ಗೆದ್ದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಅದೇ ವರ್ಷ ಶಂಕರ್‌ನಾಗ್ ನಿರ್ದೇಶಿಸಿ ಡಾ. ರಾಜ್‌ಕುಮಾರ್ ಅಭಿನಯಿಸಿದ 'ಒಂದು ಮುತ್ತಿನ ಕಥೆ'ಗೂ ಇವರದೇ ಸಂಗೀತ.

2007ರ ಮೇ ತಿಂಗಳಲ್ಲಿ ಚೆನ್ನೈನಲ್ಲಿ ವೈದ್ಯನಾಥನ್ ತೀರಿಕೊಂಡರು. ಆಗ ಅವರಿಗೆ ಅರವತ್ತೈದು ವರ್ಷ.

ಇಂಥವರು ಇನ್ನೂ ಇದ್ದಾರೆ

ಇಂಥ ಕಥೆ ಇದೊಂದೇ ಅಲ್ಲ. ಯೂರೋಪಿನ ಮಹಾ ಸಂಗೀತಗಾರ ಮೊಜಾರ್ಟನಿಗೆ ಮರಿಯಾ ಅನ್ನಾ ಎಂಬ ಅಕ್ಕನಿದ್ದಳು. ಬಾಲ್ಯದಲ್ಲಿ ಅಕ್ಕ ತಮ್ಮ ಇಬ್ಬರನ್ನೂ ತಂದೆ ರಾಜಾಸ್ಥಾನಗಳಿಗೆ ಕರೆದೊಯ್ದು ನುಡಿಸಿದ. ಪ್ರಾಯಕ್ಕೆ ಬಂದೊಡನೆ ಹುಡುಗಿಯ ಸಂಚಾರ ನಿಂತಿತು, ತಮ್ಮನ ಸಂಚಾರ ಮುಂದುವರಿಯಿತು. ಮೈಹರಿನ ಅಲ್ಲಾವುದ್ದೀನ್ ಖಾನರ ಮಗ ಅಲಿ ಅಕ್ಬರ್ ಖಾನರ ಸರೋದ್ ಜಗತ್ಪ್ರಸಿದ್ಧ. ಮಗಳು ಅನ್ನಪೂರ್ಣಾ ದೇವಿಯವರು ಸುರಬಹಾರ್ ವಾದನದಲ್ಲಿ ಅದ್ವಿತೀಯರಾಗಿದ್ದೂ ಸಭೆಗಳಿಂದ ಹಿಂದೆ ಸರಿದು ಮುಂಬಯಿಯ ಮನೆಯಲ್ಲಿ ಶಿಷ್ಯರಿಗೆ ವಿದ್ಯೆ ಕೊಟ್ಟರು. ಹೈದರಾಬಾದಿನಲ್ಲಿ ಇಂಗ್ಲೀಷ್ ಪ್ರಾಧ್ಯಾಪಕರಾಗಿದ್ದ, ರಾಯಚೂರಿನ ಪಂಡಿತ ತಾರಾನಾಥರ ಮಗ ರಾಜೀವ ತಾರಾನಾಥರೂ ಅಲಿ ಅಕ್ಬರರ ಶಿಷ್ಯರಾಗಿದ್ದು ಅನ್ನಪೂರ್ಣಾ ದೇವಿಯವರಿಂದಲೂ ಪಾಠ ಪಡೆದವರು. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರ ಅಣ್ಣ ಬಸವರಾಜ ಮನಸೂರರು ವೃತ್ತಿರಂಗಭೂಮಿಯ ನಟರು. ಬಾಲಕ ಮಲ್ಲಿಕಾರ್ಜುನ ಮೊದಲು ಬಣ್ಣ ಹಚ್ಚಿ ಹಾಡಿದ್ದು ಆ ನಾಟಕದ ದಾರಿಯಲ್ಲಿಯೇ.

ಇವರೆಲ್ಲರ ಮರೆವಿಗೆ ಕಾರಣ ಒಂದೇ ಅಲ್ಲ. ಒಬ್ಬರನ್ನು ಸಮಾಜದ ಕಟ್ಟಳೆ ತಡೆಯಿತು, ಒಬ್ಬರು ತಾವಾಗಿ ಹಿಂದೆ ಸರಿದರು, ಒಬ್ಬರು ಆರಿಸಿಕೊಂಡ ಕಲೆಯೇ ಬೇರೆಯಾಗಿದ್ದಿತು. ವೈದ್ಯನಾಥನ್ ಅವರ ಸಂಗತಿಯಲ್ಲಿ ಕಾರಣ ಅವರ ಕಸುಬಿನಲ್ಲಿಯೇ ಅಡಗಿದೆ. ಕಛೇರಿಯ ಸಂಗೀತ ಕೇಳುವವನ ಪೂರ್ತಿ ಗಮನವನ್ನು ಬೇಡುತ್ತದೆ. ಹಿನ್ನೆಲೆಯ ಸಂಗೀತ ಗಮನವನ್ನು ಕಥೆಗೆ ಬಿಟ್ಟುಕೊಟ್ಟು ತಾನು ಹಿಂದೆ ನಿಲ್ಲುತ್ತದೆ. ಅದು ಚೆನ್ನಾಗಿದ್ದಷ್ಟೂ ನಾವು ಸ್ವಾಮಿಯನ್ನು ನೋಡಿ ನಗುತ್ತೇವೆ, ಸಂಗೀತ ಕೇಳಿಸಿತೆಂಬುದೇ ನೆನಪಿರುವುದಿಲ್ಲ. ತಾನು ಗೆದ್ದಷ್ಟೂ ಮರೆಯಾಗುವ ಕಲೆ ಇದು. ಅದರ ಜೊತೆಗೆ ಅವರ ದುಡಿಮೆ ಕನ್ನಡ, ತಮಿಳು, ಹಿಂದಿ ಎಂದು ಹಂಚಿಹೋಯಿತು. ಕನ್ನಡಿಗರು ಅವರನ್ನು ಮದರಾಸಿನವರೆಂದುಕೊಂಡರು. ತಮಿಳರಿಗೆ ಅವರ ಕನ್ನಡದ ಒಳ್ಳೆಯ ಕೆಲಸ ತಿಳಿಯಲಿಲ್ಲ.

ಇದರಿಂದ ನಮಗೇನು?

ಗೃಹಸ್ಥರಾದ ನಮಗೆ ಇಲ್ಲಿ ಕಲಿಯುವುದುಂಟು. ಒಂದು ಮನೆಯಲ್ಲಿ ಇಬ್ಬರು ಮೂವರು ಮಕ್ಕಳಿದ್ದರೆ, ಬಹುಮಾನ ತಂದವನನ್ನು ತೋರಿಸಿ ಉಳಿದವರಿಗೆ 'ಅವನನ್ನು ನೋಡಿ ಕಲಿ' ಎನ್ನುವ ಚಾಳಿ ನಮ್ಮಲ್ಲಿದೆ. ಬಂದ ನೆಂಟರ ಮುಂದೆ ಒಬ್ಬಳನ್ನೇ ಹಾಡಲು ಕೂರಿಸುತ್ತೇವೆ, ಶ್ರುತಿ ಹಿಡಿದು ಕುಳಿತ ಇನ್ನೊಬ್ಬಳ ಹೆಸರನ್ನು ಹೇಳುವುದಿಲ್ಲ. ಅಳತೆಗೋಲು ಒಂದೇ ಆದರೆ ಒಬ್ಬರು ಎತ್ತರ, ಉಳಿದವರು ಗಿಡ್ಡ. ಲಕ್ಷ್ಮೀನಾರಾಯಣ ಅವರ ಮಕ್ಕಳಲ್ಲಿ ವಿದೇಶದ ವೇದಿಕೆಗಳನ್ನಷ್ಟೇ ಎಣಿಸಿದರೆ ವೈದ್ಯನಾಥನ್ ಹಿಂದುಳಿದವರಂತೆ ಕಾಣುತ್ತಾರೆ. ಎಷ್ಟು ಜನರ ನಾಲಗೆಯ ಮೇಲೆ ಅವರ ಸ್ವರ ನೆಲೆಸಿದೆಯೆಂದು ಎಣಿಸತೊಡಗಿದರೆ ಲೆಕ್ಕ ಬದಲಾಗುತ್ತದೆ. ವಿಮಾನವೇರದ ಆ ಸಂಗೀತ ಟಾಂಗಾದಲ್ಲಿ, ಬಸ್ಸಿನಲ್ಲಿ, ಅಡಿಗೆಮನೆಯಲ್ಲಿ ಸಂಚರಿಸಿತು.

ಇನ್ನೊಂದು ಸಣ್ಣ ಕೆಲಸವನ್ನು ನಾವು ಮಾಡಬಹುದು. ಚಿತ್ರದ ಆರಂಭದಲ್ಲಿ ಹೆಸರುಗಳು ಬರುವಾಗ ಹರಟೆಯನ್ನು ನಿಲ್ಲಿಸಿ ಎರಡು ನಿಮಿಷ ಓದೋಣ. ಸಂಘದ ಸಂಗೀತ ಸಂಜೆಗಳಲ್ಲಿ ಹಾಡನ್ನು ಪರಿಚಯಿಸುವಾಗ ಚಿತ್ರದ ಹೆಸರು, ಗಾಯಕರ ಹೆಸರಿನ ಜೊತೆಗೆ ಬರೆದವರ ಮತ್ತು ಮಟ್ಟು ಹಾಕಿದವರ ಹೆಸರನ್ನೂ ಹೇಳೋಣ. ಮಕ್ಕಳಿಗೆ ಮಾಲ್ಗುಡಿಯನ್ನು ತೋರಿಸುವಾಗ, 'ಇದನ್ನು ನುಡಿಸಿದವರು ಯಾರು ಗೊತ್ತೇ?' ಎಂದು ಕೇಳಿ, ಉತ್ತರವನ್ನು ನಾವೇ ಹೇಳಿಕೊಡೋಣ. ಕಲಾವಿದನು ಕೊಟ್ಟದ್ದನ್ನು ನಾವು ನಲವತ್ತು ವರ್ಷಗಳಿಂದ ಅನುಭವಿಸಿಕೊಂಡು ಬಂದಿದ್ದೇವೆ. ಹೆಸರಿಡಿದು ನೆನೆಯುವಷ್ಟು ಸಾಲವನ್ನಾದರೂ ತೀರಿಸುವುದು ರಸಿಕರೆನಿಸಿಕೊಂಡವರ ಧರ್ಮ.